ಭಾವನ ಕಾರಿನ ಲಾಗ್, ಗಿರಿ ರಸ್ತೆ

2025 ಜನವರಿ 16, ಗುರುವಾರ
ಚಿಕ್ಕಮಗಳೂರು

ಭಾವನ ಕಾರಿಗೆ ಕಡೆಗೂ ಡೇಟಾ ಲಾಗಿಂಗ್, ಅಂದರೆ ಓಡುವಾಗಲೇ ಎಂಜಿನ್ನಿನ ಅಂಕಿಗಳನ್ನು ಬರೆದಿಡುವ ಏರ್ಪಾಡು, ಕೂರಿಸಿ ಆಯಿತು. ಬೆಳಗ್ಗೆ ಒಂದು ಸುತ್ತು ಓಡಿಸಿದ್ದಕ್ಕೆ ಕಾರಿನ ಕಾಯಿಲೆಯೂ ಸಿಕ್ಕಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ. ಗುಡ್ಡದ ರಸ್ತೆಯಲ್ಲಿ ಗಾಡಿ ಓಡಿಸುವ ನಮ್ಮ ಕಡೆಯವರಿಗೆ ಉಪಯೋಗಕ್ಕೆ ಬರಬಹುದು.

ಕಾರು 2018ರ ಪೆಟ್ರೋಲ್ ಗಾಡಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅಕ್ಕ ಅದರಲ್ಲಿ ದಿನಾ ಬೆಳಗ್ಗೆ ಆಲ್ದೂರಿಂದ ಇಲ್ಲಿಗೆ ಬರುತ್ತಾಳೆ. ಅವಳ ದೂರು ಹೀಗೆ: "ಹೀಟರ್ ಹಾಕಿದ್ರೆ ಬರೀ ತಣ್ಣನೆ ಗಾಳಿ ಕಣೋ. ಪೆಟ್ರೋಲೂ ಜಾಸ್ತಿ ಕುಡೀತಿದೆ." ಭಾವನ ದೂರು ಬೇರೆ, ಮುಳ್ಳಯ್ಯನಗಿರಿ ಬೆಟ್ಟದ ರಸ್ತೆಯದ್ದು: "ಗಿರಿ ಹತ್ತುವಾಗ ಎಳೆಯೋದೇ ಇಲ್ಲ ಮಾರಾಯ." ಗ್ಯಾರೇಜಿಗೆ ಕೊಟ್ಟಿದ್ದರು. ಸ್ಕ್ಯಾನರ್ ಹಾಕಿ ನೋಡಿದರೆ ಎರರ್ ಕೋಡ್ ಒಂದೂ ಇಲ್ಲ. ಚೆಕ್ ಎಂಜಿನ್ ದೀಪ ಯಾವತ್ತೂ ಹತ್ತಿಲ್ಲ. ಏನೂ ಇಲ್ಲ, ಆರಾಮಾಗಿ ಓಡಿಸಿ ಅಂತ ವಾಪಸ್ ಕಳಿಸಿದ್ದರು.

ಕೋಡ್ ಇಲ್ಲ ಅಂದರೆ ಕಾಯಿಲೆ ಇಲ್ಲ ಅಂತ ಆಗುವುದಿಲ್ಲ. ಕಾರಿನ ಕಂಪ್ಯೂಟರ್ ತನಗೆ ಹಾಕಿಕೊಟ್ಟ ಮಿತಿ ದಾಟಿದರೆ ಮಾತ್ರ ಕೋಡ್ ಬರೆದುಕೊಳ್ಳುತ್ತದೆ. ಮಿತಿಯ ಒಳಗೇ ಇದ್ದುಕೊಂಡು ಸರಿ ಇಲ್ಲದ್ದು ಅದಕ್ಕೆ ಕಾಣುವುದಿಲ್ಲ. ಮೇಲಾಗಿ ಗಾಡಿ ತೊಂದರೆ ಕೊಡುವುದು ಗಿರಿಯಲ್ಲಿ, ಮೆಕ್ಯಾನಿಕ್ ಇರುವುದು ಪೇಟೆಯಲ್ಲಿ. ಶೆಡ್ಡಿನಲ್ಲಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಗಿರಿಯ ಏರು ಅಲ್ಲಿಗೆ ಬರುವುದಿಲ್ಲ ಅಲ್ವಾ? ಅದಕ್ಕೇ ಓಡುತ್ತಿರುವಾಗಲೇ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಕಾರಣವೂ ಇದೆ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಮಿತಿ ಮೀರಿ ಕಾದರೆ ಕೆಂಪು ದೀಪ. ನಡುವೆ ಏನು ನಡೆಯುತ್ತಿದೆ ಅನ್ನುವುದು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಘಾಟಿ ಹತ್ತಿ ಇಳಿಯುವವರ ಗಾಡಿಗೆ ಒಂದು ಮುಳ್ಳು ಬೇಡವಾ? ನನಗಂತೂ ಇದು ಒಪ್ಪಿಗೆಯಾಗದ ವಿಷಯ.

ಬೆಳಗ್ಗೆ ಭಾವನ ಮನೆ ಮುಟ್ಟಿದಾಗ ಕಣದ ಕಾಫಿ ರಾಶಿಗೆ ಹೊದಿಸಿದ ಟಾರ್ಪಾಲ್ ಇನ್ನೂ ತೆಗೆದಿರಲಿಲ್ಲ. ಅದರ ಮೇಲೆಲ್ಲ ಇಬ್ಬನಿ. ಟಾರ್ಚ್ ಹಿಡಿದು ಸ್ಟಿಯರಿಂಗ್ ಕೆಳಗೆ ಬಗ್ಗಿದೆ. ಬಾನೆಟ್ ಎಳೆಯುವ ಹಿಡಿಯ ಹತ್ತಿರವೇ ಒಬಿಡಿ ಸಾಕೆಟ್ ಇತ್ತು, ಕಾರಿನ ಕಂಪ್ಯೂಟರಿನ ಜೊತೆ ಮಾತಾಡುವ ಜಾಗ. ಎರಡು ಸಾಲಿನಲ್ಲಿ 16 ಪಿನ್, ಒಂದು ಬದಿ ಅಗಲ, ಒಂದು ಬದಿ ಕಿರಿದು, ಹಾಗಾಗಿ ತಿರುಗಾಮುರುಗಾ ಕೂರುವುದಿಲ್ಲ. 16ನೇ ಪಿನ್ನಿಗೆ ಬ್ಯಾಟರಿಯ ಪ್ಲಸ್, 4ನೇದಕ್ಕೆ ಅರ್ಥ್. ಈಗಿನ ಗಾಡಿಗಳಲ್ಲಿ ಮಾತುಕತೆ ನಡೆಯುವುದು 6 ಮತ್ತು 14ನೇ ಪಿನ್ನಿನ ಕ್ಯಾನ್ ವೈರುಗಳಲ್ಲಿ.

"ಇದನ್ನ ನಮ್ಮಂಥೋರಿಗೆ ಅಂತ ಇಟ್ಟಿದ್ದಾರಾ?" ಅಂತ ಭಾವ ಕೇಳಿದರು. ಇಟ್ಟದ್ದು ಹೊಗೆಯ ಕಾನೂನಿಗೆ. ಅಮೆರಿಕದಲ್ಲಿ 1996ರ ಮಾಡೆಲ್ಲಿನಿಂದ ಎಲ್ಲಾ ಕಾರಿಗೂ ಒಬಿಡಿ 2 ಕಡ್ಡಾಯವಾಯಿತು. ನಮ್ಮಲ್ಲಿ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಬಿಎಸ್ 4 ಗಾಡಿಗಳಿಗೆ ಬಂತು. ಎಂಜಿನ್ ಕೆಟ್ಟು ಹೊಗೆ ಹೆಚ್ಚಾದರೆ ತಿಳಿಯಲಿ ಅಂತ ಮಾಡಿದ ಬಾಗಿಲು ಅದು. ಅದೇ ಬಾಗಿಲಿಂದ ನಾವೂ ಒಳಗೆ ಇಣುಕಬಹುದು. ತೋಟದ ಹಳೇ ಜೀಪಿಗೆ ಮಾತ್ರ ಈ ಭಾಗ್ಯ ಇಲ್ಲ.

ಆ ಸಾಕೆಟ್ಟಿಗೆ ಸಿಕ್ಕಿಸಿ ಕಾರಿನ ಅಂಕಿಗಳನ್ನು ಫೋನಿಗೆ ಕಳಿಸುವ ಅಡಾಪ್ಟರ್ ನನ್ನದೇ, ಇಎಲ್‌ಎಂ 327 ಬ್ಲೂಟೂತ್. ಮೂಲ ಚಿಪ್ ಮಾಡಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್. ಅಂಗಡಿಯಲ್ಲಿ ಸಿಗುವುದು ಹೆಚ್ಚಿನದು ಅದರ ನಕಲು. ನಕಲೆಂದರೆ ಎಲ್ಲವೂ ಕೆಟ್ಟದ್ದಲ್ಲ, ಆದರೆ ಕೆಲವು ಅರ್ಧ ಕಮಾಂಡುಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಕೊಳ್ಳುವಾಗ ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಐಫೋನ್ ಇದ್ದವರು ಹಳೇ ಥರದ ಬ್ಲೂಟೂತಿನದು ತಗೊಳ್ಳಬೇಡಿ, ಅದು ಕೂಡುವುದಿಲ್ಲ. ವೈಫೈನದೋ, ಬ್ಲೂಟೂತ್ ಎಲ್‌ಇ ಇರುವುದೋ ಬೇಕು.

ಜೋಡಿಸುವ ಕೆಲಸ ಸುಲಭ. ಕೀ ಆನ್ ಮಾಡಿ, ಫೋನಿನ ಬ್ಲೂಟೂತಿನಲ್ಲಿ ಹುಡುಕಿ, ಪಿನ್ ಕೇಳಿದರೆ 1234, ಆಗದಿದ್ದರೆ 0000. ಆಮೇಲೆ ಆ ಅಂಕಿಗಳನ್ನು ತೋರಿಸಿ ಬರೆದಿಡುವ ಟಾರ್ಕ್ ಪ್ರೊ ಆ್ಯಪ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಆ ಅಡಾಪ್ಟರನ್ನು ಆರಿಸಿದೆ. ಲಾಗಿಂಗ್ ಭಾಗಕ್ಕೆ ಹೋಗಿ ಒಂದು ಸೆಕೆಂಡಿಗೊಮ್ಮೆ ಬರೆಯಲು ಹೇಳಿದೆ. ಇಲ್ಲಿ ಒಂದು ಮಾತು. ಆಂಡ್ರಾಯ್ಡ್ ಫೋನಿನ ಬ್ಯಾಟರಿ ಸೆಟ್ಟಿಂಗಿಗೆ ಹೋಗಿ ಈ ಆ್ಯಪಿಗೆ ಯಾವ ತಡೆಯೂ ಇಲ್ಲದಂತೆ ಬಿಟ್ಟುಕೊಡಿ. ಇಲ್ಲದಿದ್ದರೆ ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೆ ಫೋನ್ ಅದನ್ನು ಸುಮ್ಮನಾಗಿಸುತ್ತದೆ. ಏರು ಶುರುವಾಗುವ ಹೊತ್ತಿಗೆ ಫೈಲ್ ನಿಂತಿರುತ್ತದೆ.

ಏನೇನು ಬರೆಯಬೇಕು ಅನ್ನುವುದೇ ಮುಖ್ಯ. ಅಕ್ಕನ ಮಗ ಪಕ್ಕದಲ್ಲಿ ಕೂತು, "ಮಾಮ, ಎಲ್ಲಾ ಟಿಕ್ ಹಾಕಿಬಿಡೋಣ" ಅಂದ. ಬೇಡ ಅಂದೆ. ಅಡಾಪ್ಟರ್ ಒಂದು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಇನ್ನೊಂದು ಕೇಳುತ್ತದೆ. ಪಟ್ಟಿ ಉದ್ದವಾದಷ್ಟೂ ಒಂದೊಂದರ ಸರದಿ ತಡವಾಗಿ ಬರುತ್ತದೆ. ನಾನು ಆರಿಸಿದ್ದು ಇಷ್ಟೇ: ಆರ್‌ಪಿಎಂ, ಸ್ಪೀಡ್, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಟೆಂಪರೇಚರ್, ಒಳಗೆ ಹೋಗುವ ಗಾಳಿಯ ಟೆಂಪರೇಚರ್, ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಒತ್ತಡ), ಥ್ರಾಟಲ್ (ಆ ಗಾಳಿಯ ಬಾಗಿಲು ಎಷ್ಟು ತೆರೆದಿದೆ ಅನ್ನುವುದು), ಮುಂದಿನ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವಂಥದ್ದು). ಜೊತೆಗೆ ಫೋನಿನ ಜಿಪಿಎಸ್.

ಹುಡುಗನಿಗೆ ಒಳಗಿನ ಮಾತುಕತೆ ತೋರಿಸಿದೆ. ಆ್ಯಪ್ 01 05 ಅಂತ ಕೇಳುತ್ತದೆ. 05 ಅಂದರೆ ಕೂಲೆಂಟ್. ಕಾರು, ಉದಾಹರಣೆಗೆ, 41 05 6ಎಫ್ ಅಂತ ಉತ್ತರ ಕೊಡುತ್ತದೆ. ಹೆಕ್ಸ್ (ಹದಿನಾರರ) ಲೆಕ್ಕದ 6ಎಫ್ ಅಂದರೆ 111. ಅದರಲ್ಲಿ 40 ಕಳೆದರೆ 71 ಡಿಗ್ರಿ. ಮೈನಸ್ ಡಿಗ್ರಿಯನ್ನೂ ಒಂದೇ ಬೈಟಿನಲ್ಲಿ ಹೇಳಬೇಕಲ್ಲ, ಅದಕ್ಕೆ ಈ 40. "ಇಷ್ಟೇನಾ?" ಅಂದ. ಇಷ್ಟೇ. ಆದರೆ ಅವನು ಆಮೇಲೆ ದಾರಿಯುದ್ದಕ್ಕೂ ಫೋನಿನಿಂದ ಕಣ್ಣು ಕೀಳಲಿಲ್ಲ. ಓಡಿಸುವವರು ಫೋನ್ ಮುಟ್ಟಲೇಬಾರದು, ನೋಡಲು ಇನ್ನೊಬ್ಬರು ಇರಬೇಕು. ಅವನಿಗೆ ಆ ಕೆಲಸ ಕೊಟ್ಟೆ.

ಭಾವ ಸ್ಟಾರ್ಟ್ ಮಾಡಿದಾಗ ಕೂಲೆಂಟ್ 15 ಡಿಗ್ರಿ. ಆಲ್ದೂರು ಬಿಟ್ಟು ಪೇಟೆ ಮುಟ್ಟುವವರೆಗೆ ಅದು ಏರಿತು, ಆದರೆ 68, 70, 71, ಅಲ್ಲಿಗೆ ನಿಂತಿತು. ನನ್ನ ಕಾರಿನ ಹಳೇ ಲಾಗ್ ಫೋನಿನಲ್ಲೇ ಇತ್ತು. ಚಳಿಗಾಲದ್ದೇ, ಇದೇ ರಸ್ತೆಯದ್ದೇ. ಅದರಲ್ಲಿ ಗೆರೆ ನೇರವಾಗಿ 80 ದಾಟಿ, 85ರಿಂದ 92ರ ನಡುವೆ ಮಟ್ಟಸವಾಗಿ ಓಡುತ್ತದೆ. ಆ ಲಾಗ್ ತೆಗೆದಿಟ್ಟಿದ್ದು ಕಾರು ಚೆನ್ನಾಗಿದ್ದಾಗ. ಜನ ಗಾಡಿ ಕೆಟ್ಟ ಮೇಲೆ ಆ್ಯಪ್ ಹಾಕಿಕೊಳ್ಳುತ್ತಾರೆ. ಆಗ ಸಿಗುವ ಸಂಖ್ಯೆಯನ್ನು ಯಾವುದರ ಪಕ್ಕ ಇಟ್ಟು ನೋಡುವುದು? ಚೆನ್ನಾಗಿರುವಾಗಲೇ ಒಂದು ಚಳಿಗಾಲದ್ದು, ಒಂದು ಬೇಸಿಗೆಯದ್ದು, ಒಂದು ಘಾಟಿಯದ್ದು ತೆಗೆದಿಡಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುವುದು ಇದಕ್ಕೇ.

ಗಿರಿಯ ಬುಡದ ಕೈಮರ ದಾಟಿ ಏರು ಶುರುವಾಯಿತು. ವಾರದ ನಡುವೆ, ಅದೂ ಬೆಳಗ್ಗೆ, ಟೂರಿಸ್ಟ್ ಗಾಡಿಗಳ ಕಾಟ ಇರಲಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನಿಗೆ ಭಾರ ಬಿದ್ದ ಮೇಲೆ ಕೂಲೆಂಟ್ 84ಕ್ಕೆ ಹೋಯಿತು. ಸೀತಾಳಯ್ಯನಗಿರಿಯಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು ಮ್ಯಾನಿಫೋಲ್ಡ್ ಪ್ರೆಶರ್ ನೋಡಿ ಅಂತ ಭಾವನಿಗೆ ತೋರಿಸಿದೆ. ಎಂಜಿನ್ ನಿಂತಿರುವಾಗ ಆ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ಹೇಳುತ್ತದೆ. ಅಲ್ಲಿ 82 ಕಿಲೋಪಾಸ್ಕಲ್. ಪೇಟೆಯಲ್ಲಿ 89 ಇತ್ತು. ಮಂಗಳೂರಿನ ಕಡಲ ದಂಡೆಯಲ್ಲಾದರೆ ಸುಮಾರು 101 ಇರುತ್ತದೆ.

ಭಾವನ ದೂರಿಗೆ ಉತ್ತರ ಅಲ್ಲೇ ಸಿಕ್ಕಿತು. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಹೊರಗೆ ಇರುವ ಗಾಳಿಯನ್ನಷ್ಟೇ ಎಳೆದುಕೊಳ್ಳಬಲ್ಲದು. ಮೇಲೆ ಗಾಳಿ ಕಡಲ ಮಟ್ಟಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಲಾಗಿನಲ್ಲಿ ಇನ್ನೊಂದು ಸಾಕ್ಷಿಯೂ ಇತ್ತು. ಕಡೇ ತಿರುವುಗಳಲ್ಲಿ ಭಾವ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡ್ ಪ್ರೆಶರ್ 80. ಹೊರಗಿನದಕ್ಕೂ ಅದಕ್ಕೂ ಎರಡೇ ವ್ಯತ್ಯಾಸ. ಅಂದರೆ ಏರ್ ಫಿಲ್ಟರ್ ಕಟ್ಟಿಕೊಂಡಿಲ್ಲ, ಗಾಳಿಯ ದಾರಿ ಸಲೀಸಾಗಿದೆ. "ಹಂಗಾದ್ರೆ ಕಾರಿಂದು ತಪ್ಪಿಲ್ಲ ಅನ್ನು" ಅಂದರು. ಏರಿನ ವಿಷಯದಲ್ಲಿ ಇಲ್ಲ.

ಇಳಿಯುವಾಗ ಭಾವ ಅಭ್ಯಾಸದಂತೆ ನ್ಯೂಟ್ರಲ್ ಮಾಡಲು ಹೊರಟರು. ಬೇಡ ಭಾವ, ಗೇರಿನಲ್ಲೇ ಬಿಡಿ, ತೋರಿಸುತ್ತೇನೆ ಅಂದೆ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವವರು ನಮ್ಮಲ್ಲಿ ತುಂಬಾ ಜನ. ಕಾರ್ಬ್ಯುರೇಟರ್ ಕಾಲದ ಅಭ್ಯಾಸ ಅದು. ಇಂಜೆಕ್ಷನ್ ಗಾಡಿಯಲ್ಲಿ ಕಾಲು ತೆಗೆದು ಗೇರಿನಲ್ಲಿ ಇಳಿದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆಕ್ಸಿಜನ್ ಸೆನ್ಸರ್ ನೋಡಿ. ಮಾಮೂಲಾಗಿ 0.1ರಿಂದ 0.9 ವೋಲ್ಟಿನ ನಡುವೆ ಆಡುತ್ತಿರುವುದು ಸೊನ್ನೆಯ ಹತ್ತಿರ ಬಂದು ಅಲ್ಲೇ ಮಲಗಿತು. ಸೈಲೆನ್ಸರಿನಲ್ಲಿ ಹೋಗುತ್ತಿರುವುದು ಬರೀ ಗಾಳಿ. ನ್ಯೂಟ್ರಲ್ ಮಾಡಿದ್ದರೆ ಎಂಜಿನ್ ಐಡಲ್ ಇರಲು ಪೆಟ್ರೋಲ್ ಕುಡಿಯುತ್ತಲೇ ಇರಬೇಕು, ಹಿಡಿಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳಬೇಕು. ಚಾರ್ಮಾಡಿ, ಶಿರಾಡಿ ಇಳಿಯುವವರು ದಯವಿಟ್ಟು ಇದನ್ನು ಬಿಡಿ. ಉಳಿಯುವುದು ಏನೂ ಇಲ್ಲ, ಬ್ರೇಕ್ ಕಾದು ಕೈಕೊಟ್ಟರೆ ಹೋಗುವುದು ಜೀವ.

ಅದೇ ಇಳಿಜಾರಿನಲ್ಲಿ ಹುಡುಗ ಕೂಗಿದ: "ಮಾಮ, 61!" ಏರುವಾಗ 84 ಇದ್ದ ಕೂಲೆಂಟ್ ಕೈಮರಕ್ಕೆ ಬರುವಷ್ಟರಲ್ಲಿ 61ಕ್ಕೆ ಇಳಿದಿತ್ತು. ಇಳಿಜಾರಿನಲ್ಲಿ ಸ್ವಲ್ಪ ತಣ್ಣಗಾಗುವುದು ಸಹಜ, ಇಷ್ಟು ಮಾತ್ರ ಸಹಜ ಅಲ್ಲ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ವಾಲ್ವ್ ಇರುತ್ತದೆ. ಒಳಗೆ ಮೇಣ ತುಂಬಿದ ಸಣ್ಣ ಡಬ್ಬಿ. ಕೂಲೆಂಟ್ ಸುಮಾರು 82-88 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ವಾಲ್ವ್ ತೆರೆಯುತ್ತದೆ, ತಣ್ಣಗಾದರೆ ಸ್ಪ್ರಿಂಗ್ ಮುಚ್ಚುತ್ತದೆ. ಅದು ಸದಾ ತೆರೆದೇ ಇದ್ದರೆ ಜನವರಿ ಚಳಿಯಲ್ಲಿ ರೇಡಿಯೇಟರ್ ಎಂಜಿನ್ನನ್ನು ಬಿಸಿಯಾಗಲು ಬಿಡುವುದೇ ಇಲ್ಲ.

ಮನೆಗೆ ಬಂದು ಫೋನಿನ ಸಿಎಸ್‌ವಿ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಅದು ಸಾಲುಸಾಲು ಅಂಕಿಗಳ ಫೈಲ್, ತೆರೆಯಲು ಲಿಬ್ರೆ ಆಫೀಸ್ ಸಾಕು, ಬೇರೇನೂ ಬೇಡ. ಉತ್ತರ ಬಾರದ ಕಡೆ ಆ್ಯಪ್ ಅಡ್ಡಗೆರೆ ಹಾಕಿರುತ್ತದೆ, ಅದನ್ನು ಅಳಿಸಿ ಖಾಲಿ ಬಿಡಬೇಕು. ಕೂಲೆಂಟಿನ ಎರಡು ಗೆರೆ, ಭಾವನ ಕಾರಿನದು ಮತ್ತು ನನ್ನದು, ಒಂದೇ ಗ್ರಾಫಿನಲ್ಲಿ ಹಾಕಿ ಮಧ್ಯಾಹ್ನ ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಅಣ್ಣನಿಗೆ ತೋರಿಸಿದೆ. ಅವರು ಗ್ರಾಫ್ ನೋಡಿದ್ದು ಒಂದು ನಿಮಿಷವೂ ಇಲ್ಲ. "ಥರ್ಮೋಸ್ಟಾಟ್ ಹೋಗಿದೆ, ಇಲ್ಲಾ ಅಂದ್ರೆ ಇಲ್ವೇ ಇಲ್ಲ" ಅಂದರು.

ಎಂಜಿನ್ ತಣ್ಣಗಾದ ಮೇಲೆ ಹೌಸಿಂಗಿನ ಎರಡು ಬೋಲ್ಟ್ ಬಿಚ್ಚಿದರು. ಹಸಿರು ಕೂಲೆಂಟ್ ಬಕೆಟ್ಟಿಗೆ ಸುರಿಯಿತು. ಒಳಗೆ ಬೆರಳು ಹಾಕಿ ಸುತ್ತ ಒಮ್ಮೆ ಸವರಿ, ನನ್ನ ಬೆರಳನ್ನೂ ಹಾಕಿಸಿದರು. ವಾಲ್ವ್ ಕೂರಬೇಕಾದ ಅಂಚಿನಲ್ಲಿ ಏನೂ ಇಲ್ಲ. ಬರೀ ತೂತು. ಹಿಂದೆ ಯಾರೋ ತೆಗೆದು, ಮುಚ್ಚಿ ಕಳಿಸಿದ್ದಾರೆ.

"ನಮ್ಮ ದೇಶ ಬಿಸಿ, ಇದೆಲ್ಲ ಬೇಡ" ಅಂತ ಥರ್ಮೋಸ್ಟಾಟ್ ಕಿತ್ತು ಹಾಕುವ ಪದ್ಧತಿ ಹಳೇದು. ನನಗೆ ನಿಜವಾಗಿಯೂ ಸಿಟ್ಟು ಬಂತು. ಎಂಜಿನ್ ತಣ್ಣಗಿರುವವರೆಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಆಯಿಲ್ ಸರಿಯಾಗಿ ಕಾಯದಿದ್ದರೆ ಅದರಲ್ಲಿ ಸೇರಿದ ನೀರಿನಂಶ ಆರುವುದಿಲ್ಲ. ಹೀಟರಿಗೆ ಬಿಸಿ ಬರುವುದು ಇದೇ ಕೂಲೆಂಟಿನಿಂದ. ಅಕ್ಕ ಇಷ್ಟು ದಿನ ಶಾಲು ಹೊದ್ದುಕೊಂಡು ಓಡಿಸಿದ್ದು ಯಾರದೋ ಅರೆಬರೆ ಕೆಲಸದಿಂದ.

ಹೊಸ ವಾಲ್ವ್ ಹಾಸನದ ಅಂಗಡಿಯಿಂದ ಶನಿವಾರ ಬರುತ್ತದೆ. ನೀರು ತುಂಬಬೇಡಿ, ಕೂಲೆಂಟೇ ಹಾಕಿ, ಗಾಳಿಗುಳ್ಳೆ ಪೂರ್ತಿ ತೆಗೆಯಿರಿ ಅಂತ ಹೇಳಿ ಬಂದಿದ್ದೇನೆ. ಹಾಕಿದ ಮೇಲೆ ಇದೇ ರಸ್ತೆ, ಇದೇ ಪಟ್ಟಿ, ಬೆಳಗ್ಗೆ ಇದೇ ಹೊತ್ತಿಗೆ ಇನ್ನೊಂದು ಲಾಗ್. ಅದು ಭಾವನ ಕಾರಿನ ಚೆನ್ನಾಗಿರುವಾಗಿನ ಲಾಗ್ ಆಗಿ ಉಳಿಯಲಿ ಅಂತ ಹುಡುಗನ ಫೋನಿನಲ್ಲೂ ಆ್ಯಪ್ ಹಾಕಿಕೊಟ್ಟೆ. ಅಡಾಪ್ಟರ್ ಮಾತ್ರ ಬಿಚ್ಚಿ ತಂದಿದ್ದೇನೆ. 16ನೇ ಪಿನ್ನಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ. ಕೊಯ್ಲಿನ ಕೆಲಸದಲ್ಲಿ ಕಾರು ನಾಲ್ಕು ದಿನ ನಿಂತರೆ ಬ್ಯಾಟರಿ ಸೋರಿಹೋಗಬಾರದು.