ಸಣ್ಣ ಬಸ್ ಬಿಟ್ರೆ ದುಡ್ಡು ಉಳಿಯತ್ತಾ?

ಮಧ್ಯಾಹ್ನ ಬಸ್ಸು ಖಾಲಿ ಓಡ್ತಿರತ್ತಲ್ಲ, ಆವಾಗ ಸಣ್ಣ ಬಸ್ ಬಿಡಬಾರ್ದಾ ಅಂತ ತುಂಬಾ ಜನ ಕೇಳ್ತಾರೆ, ನಾನೂ ಮೊದ್ಲು ಹಾಗೇ ಅಂದ್ಕೊಂಡಿದ್ದೆ. ಆದ್ರೆ ಲೆಕ್ಕ ಹಾಕಕ್ಕೆ ಕೂತ್ರೆ ಮೊದಲು ಅಡ್ಡ ಬರೋದು ಡ್ರೈವರ್ ಸಂಬಳ. 9 ಮೀಟರ್ ಮಿಡಿ ಬಸ್ಸಿಗೂ ಒಬ್ಬ ಡ್ರೈವರ್, 18 ಮೀಟರ್ ಉದ್ದದ ಜೋಡು ಬಸ್ಸಿಗೂ (ಎರಡು ಭಾಗ ಸೇರಿಸಿ ನಡುವೆ ಬಾಗೋ ಹಾಗೆ ಮಾಡಿರೋದು) ಒಬ್ಬನೇ. ಡೀಸೆಲ್ಲು, ಟೈರಲ್ಲಿ ಒಂಚೂರು ಉಳಿಯತ್ತೆ ನಿಜ, ಆದ್ರೆ ಬೆಳಿಗ್ಗೆ ರಶ್ಶಿಗೆ ದೊಡ್ಡ ಬಸ್ಸು ಬೇಕೇ ಬೇಕು, ಮಧ್ಯಾಹ್ನಕ್ಕೆ ಅಂತ ಇನ್ನೊಂದು ಸಣ್ಣದು ಕೊಂಡ್ರೆ ಒಂದೇ ಕೆಲಸಕ್ಕೆ ಎರಡು ಗಾಡಿ ಸಾಕಿದ ಹಾಗಾಯ್ತು. ಗಲ್ಲಿ ಕಿರಿದಾಗಿದ್ರೆ ಮಾತ್ರ ಮಿಡಿ ಸರಿ.

ಇನ್ನು ಎಷ್ಟು ಜನ ಹಿಡಿಸ್ತಾರೆ ಅನ್ನೋದು. ಮಾಮೂಲಿ 12 ಮೀಟರ್ ಬಸ್ಸಲ್ಲಿ ಸೀಟು 35-40, ನಿಂತೋರೂ ಸೇರಿ 70-80 ಅಂತಾರೆ. ಆದ್ರೆ ನಿಂತೋರನ್ನ ಎಣಿಸೋದು ಚದರ ಮೀಟರಿಗೆ ಇಷ್ಟು ಜನ ಅಂತ. ನಾಲ್ಕು ಅಂತ ಹಿಡಿದ್ರೆ 10 ಚದರ ಮೀಟರಲ್ಲಿ 40 ಜನ, ಆರು ಅಂತ ಹಿಡಿದ್ರೆ 60, ಬಸ್ಸು ಅದೇ! ಆರು ಜನ ಅಂದ್ರೆ ಹೇಗಿರತ್ತೆ ಅಂತ ನಿಂತು ನೋಡಿದೋರಿಗೇ ಗೊತ್ತು, ಜೇಬಿಂದ ಫೋನ್ ತೆಗೆಯಕ್ಕೂ ಮೊಣಕೈ ಆಡಲ್ಲ, ಮಗು ಎತ್ಕೊಂಡೋರ ಪಾಡಂತೂ ಬೇಡ. ಅದನ್ನ ಕೆಪಾಸಿಟಿ ಅಂತ ಬರೆಯೋದು ನಂಗೆ ಒಪ್ಪಿಗೆ ಇಲ್ಲ.

ಲೋ ಫ್ಲೋರ್ ಬಸ್ಸಲ್ಲಿ, ಅಂದ್ರೆ ಮೆಟ್ಟಿಲಿಲ್ದೆ ಹತ್ತೋ ಹಾಗೆ ನೆಲ ತಗ್ಗಾಗಿರೋದ್ರಲ್ಲಿ, ಚಕ್ರದ ಗೂಡು ಒಳಗೇ ಉಬ್ಬಿಕೊಂಡು ಬರೋದ್ರಿಂದ ಒಂದಷ್ಟು ಸೀಟು ಹೋಗತ್ತೆ, ಆದ್ರೂ ಮಂಡಿನೋವಿನೋರು ಯಾರ ಕೈಯೂ ಹಿಡಿಯದೆ ಹತ್ತೋದು ನೋಡಿದ್ಮೇಲೆ ಆ ಸೀಟು ಹೋದ್ರೆ ಹೋಗ್ಲಿ ಅನ್ಸತ್ತೆ. ಡಬಲ್ ಡೆಕ್ಕರಲ್ಲಿ ಸೀಟು ಜಾಸ್ತಿ, ಆದ್ರೆ ಮೇಲಿನೋರೆಲ್ಲ ಕಿರಿದಾದ ಮೆಟ್ಟಿಲು ಇಳಿದು ಬರೋವರೆಗೂ ಸ್ಟಾಪಲ್ಲಿ ಕಾಯ್ಬೇಕು. ಜೋಡು ಬಸ್ಸು 120ರ ಮೇಲೆ ಹಿಡಿಯತ್ತೆ, ಮೂರ್ನಾಲ್ಕು ಬಾಗಿಲು, ಬೇಗ ಖಾಲಿ ಆಗತ್ತೆ, ಆದ್ರೆ ಹೆಚ್ಚಿನೋರು ನಿಂತೇ ಹೋಗ್ಬೇಕು, ಡಿಪೋದಲ್ಲೂ ಜಾಗ ಜಾಸ್ತಿ ತಿನ್ನತ್ತೆ.

ಎಲೆಕ್ಟ್ರಿಕ್ ಬಸ್ಸು ಕೊಳ್ಳೋವಾಗ ಡೀಸೆಲ್ಲಿಗಿಂತ ತುಂಬಾ ದುಬಾರಿ, ಓಡಿಸೋ ಖರ್ಚು ಕಮ್ಮಿ, ಹಾಗಾಗಿ ದಿನಾ ಜಾಸ್ತಿ ಕಿಲೋಮೀಟರ್ ಓಡಿದ್ರೇನೇ ಗಿಟ್ಟೋದು. ಬ್ಯಾಟರಿ ಭಾರ ಬೇರೆ. ಆಕ್ಸಲ್ (ಚಕ್ರಗಳನ್ನ ಜೋಡಿಸೋ ಅಚ್ಚು) ಇಷ್ಟೇ ಹೊರಬೇಕು ಅಂತ ಮಿತಿ ಇರತ್ತಲ್ಲ, ಒಂದು ಟನ್ ಹೆಚ್ಚಾದ್ರೆ ಸುಮಾರು 15 ಜನರ ತೂಕ ಕಳ್ಕೊಂಡಂಗೆ.

ಇಷ್ಟೆಲ್ಲ ಗಾಡಿ ಬಗ್ಗೆ ಮಾತಾಡಿ ರಸ್ತೆ ಮರೀತೀವಿ. ಹೋಗಿ ಬರಕ್ಕೆ 90 ನಿಮಿಷ ಹಿಡಿಯೋ ರೂಟಲ್ಲಿ 10 ನಿಮಿಷಕ್ಕೊಂದು ಬಸ್ ಬೇಕಂದ್ರೆ 9 ಬಸ್ ಬೇಕು. ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟು ಅದು 60 ನಿಮಿಷಕ್ಕೆ ಇಳಿದ್ರೆ 6 ಸಾಕು, ಉಳಿದ ಮೂರು ಬಸ್ಸನ್ನ ಡ್ರೈವರ್ ಸಮೇತ ಇನ್ನೊಂದು ರೂಟಿಗೆ ಹಾಕ್ಬೋದು.