ಒದ್ದೆ ಸಾಕ್ಸ್

ನಿನ್ನೆ ಕುಮಾರ ಪರ್ವತ ಹತ್ತುವಾಗ ಭಟ್ಟರ ಮನೆ ಹತ್ತಿರ ಶೂ ಬಿಚ್ಚಿದೆ. ಸಾಕ್ಸ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ವಾಸನೆಯೂ ಜಾಸ್ತಿಯೇ ಇತ್ತು.

ಬೆವರಿಗೆ ತನ್ನದೇ ವಾಸನೆ ಅಷ್ಟೇನಿಲ್ಲ. ಒದ್ದೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗಲೇ ನಾತ. ಹಾಗಾಗಿ ಸುಮ್ನೆ ಪೌಡರ್ ಸುರಿಯುವುದಕ್ಕಿಂತ ಕಾಲು ಒಣಗಿಸುವುದೇ ಮುಖ್ಯ. ತೊಳೆದು, ಸಂದಿ ಸಂದಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟೆ. ಮುಖ ದಿನಕ್ಕೆ ನಾಲ್ಕು ಸಲ ತೊಳೆಯುತ್ತೇವೆ, ಅಲ್ವಾ? ಕಾಲನ್ನು ಹೀಗೆ ಕೂತು ನೋಡಿದ್ದು ಯಾವಾಗ ಅಂತ ನೆನಪಾಗಲಿಲ್ಲ. ಪಾಪ ಅನ್ನಿಸಿತು.

ಆಮೇಲೆ ಬ್ಯಾಗಿನಲ್ಲಿದ್ದ ಉಣ್ಣೆ ಸಾಕ್ಸ್ ಹಾಕಿದೆ. ಹತ್ತಿಯದು ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ, ಚಾರಣಕ್ಕೆ ಬೇಡವೇ ಬೇಡ.

ಶೂ ಇನ್ನೂ ಜಗಲಿಯಲ್ಲಿದೆ, ಒಳಗೆ ಹಳೇ ಪೇಪರ್ ತುರುಕಿದ್ದೇನೆ.