ಬಿಳಿ ಅರ್ಮಿನ್ ನಕಲು: ಆರನೇ ವಾರದವರೆಗಿನ ಕೆಲಸ

ಮೂಲ ಚಿತ್ರ ಲಿಯೊನಾರ್ಡೊ ಡಾ ವಿಂಚಿಯ ‘ಲೇಡಿ ವಿತ್ ಆ್ಯನ್ ಅರ್ಮಿನ್’. ಅರ್ಮಿನ್ ಎಂಬ ಬಿಳಿ ಪ್ರಾಣಿಯನ್ನು ತೋಳಲ್ಲಿ ಹಿಡಿದ ಯುವತಿಯ ಚಿತ್ರ. 1490ರ ಸುಮಾರಿನದು, ಅಕ್ರೋಟ್ ಮರದ ಹಲಗೆಯ ಮೇಲಿನ ತೈಲವರ್ಣ, ಈಗ ಪೋಲೆಂಡಿನ ಕ್ರಾಕೋವ್‌ನಲ್ಲಿದೆ. ಅಳತೆ ಹೆಚ್ಚುಕಡಿಮೆ 55×40 ಸೆಂ.ಮೀ. ನಕಲಿಗೂ ಅದೇ ಅಳತೆ. 5 ಸೆಂ.ಮೀ. ಚೌಕ ಹಾಕಿದರೆ 11×8 ಮನೆಗಳು ಸರಿಯಾಗಿ ಕೂರುತ್ತವೆ.

ವಾರ 1. ಹಲಗೆಗೆ ಜೆಸ್ಸೋ (ಬಣ್ಣದ ಕೆಳಗೆ ಬಳಿಯುವ ಬಿಳಿ ತಳಲೇಪ) ನಾಲ್ಕು ಕೋಟು, ಪ್ರತಿ ಕೋಟು ಒಣಗಿದ ಮೇಲೆ ಸಣ್ಣ ಮರಳುಕಾಗದದ ಉಜ್ಜು. ಕ್ಯಾನ್‌ವಾಸಿನ ನೇಯ್ಗೆ ಈ ಚಿತ್ರದ ನುಣುಪಾದ ಚರ್ಮಕ್ಕೆ ಅಡ್ಡಿ, ಹಾಗಾಗಿ ಹಲಗೆಯೇ ವಾಸಿ. ರೇಖೆಗಳನ್ನು ಇಳಿಸಿ, ರಾ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಾಗಿಸಿ ಗುರುತಿಸಲಾಯಿತು.

ವಾರ 2. ರಾ ಅಂಬರ್, ಟೈಟಾನಿಯಂ ವೈಟ್ ಎರಡರಲ್ಲೇ ಇಡೀ ನೆರಳು‑ಬೆಳಕು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಇಲ್ಲಿ ಐವರಿ ಬ್ಲ್ಯಾಕ್ ಬಳಸಿದರೆ ಪದರ ದಿನಗಟ್ಟಲೆ ಅಂಟಂಟಾಗಿ ಉಳಿದು, ಅದರ ಮೇಲೆ ಬೇಗ ಒಣಗುವ ಬಣ್ಣ ಬಿದ್ದರೆ ಮುಂದೆ ಬಿರುಕು ಬಿಡುತ್ತದೆ.

ವಾರ 3 ಮತ್ತು 4. ಮುಖ. ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಚಿಟಿಕೆ ಕ್ಯಾಡ್ಮಿಯಂ ರೆಡ್; ನೆರಳಿಗೆ ಗ್ರೀನ್ ಅರ್ತ್ ಬೆರೆತ ಅಂಬರ್. ಬಣ್ಣ ತೆಳುವಾಗಿಸಲು ಟರ್ಪೆಂಟೈನ್ ಮೂರು ಪಾಲಿಗೆ ಅಗಸೆ ಎಣ್ಣೆ ಒಂದು ಪಾಲು. ಕೊನೆಯ ಪದರಗಳಿಗೆ ಸಮಪಾಲು. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಹೆಚ್ಚಿರಲೇಬೇಕು. ಗಡಸು ಅಂಚುಗಳನ್ನು ಒಣ ಮೆತ್ತನೆ ಬ್ರಷ್‌ನಿಂದ ಕರಗಿಸಿದರೆ ಸಾಕು. ಅತಿಯಾಗಿ ತಿಕ್ಕಿದರೆ ನೆರಳು, ಬೆಳಕು ಕಲೆತು ಮುಖವೆಲ್ಲ ಒಂದೇ ಬೂದು.

ವಾರ 5. ಈಗ ಪ್ರಾಣಿ. ಅರ್ಮಿನ್ ಎಂದರೆ ಚಳಿಗಾಲದಲ್ಲಿ ಬಿಳಿ ತುಪ್ಪಳ ತಳೆಯುವ, ಮುಂಗುಸಿಯನ್ನು ನೆನಪಿಸುವ ಪುಟ್ಟ ಬೇಟೆಗಾರ. ನಿಜವಾದದ್ದು ಚಿತ್ರದಲ್ಲಿರುವುದಕ್ಕಿಂತ ತುಂಬ ಚಿಕ್ಕದು, ತೆಳ್ಳಗಿನದು. ಆದ್ದರಿಂದ ಅದರ ಫೋಟೊ ನೋಡಿ ತಿದ್ದಲು ಹೋಗಬಾರದು. ಈ ಭುಜ, ಈ ಕತ್ತು ಚಿತ್ರಕಾರ ಕಟ್ಟಿದ್ದು.

ಬಹುತೇಕ ನಕಲುಗಳು ಕೆಡುವುದು ಇಲ್ಲೇ. ಪ್ರಾಣಿ ಬಿಳಿ ಎಂದುಕೊಂಡು ಟ್ಯೂಬಿನ ಬಿಳಿಯಿಂದಲೇ ಶುರುಮಾಡುತ್ತಾರೆ. ಬೆಳಕಿಗೆ ಕೊಡಲು ಏನೂ ಉಳಿಯುವುದಿಲ್ಲ, ಪ್ರಾಣಿ ಸುಣ್ಣ ಬಳಿದ ಗೊಂಬೆಯಾಗುತ್ತದೆ. ಮೊದಲು ಇಡೀ ದೇಹಕ್ಕೆ ವೈಟ್, ಓಕರ್, ಅಂಬರ್ ಸೇರಿದ ಬೂದು‑ಕೆನೆ ಬಣ್ಣ. ಹೊಟ್ಟೆ ಮತ್ತು ಕತ್ತಿನ ಮಡಿಕೆಗೆ ಇನ್ನೊಂದು ಮೆಟ್ಟಿಲು ಗಾಢ. ಮೂಳೆ, ಸ್ನಾಯು ಕಾಣುವವರೆಗೆ ಒಂದು ಕೂದಲನ್ನೂ ಬಿಡಿಸಬಾರದು. ಬಣ್ಣ ಅರೆ ಅಂಟಾದಾಗ ಉದ್ದ ಕೂದಲಿನ ಲೈನರ್ ಬ್ರಷ್ ಹಿಡಿದು, ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಮಾತ್ರ ಗೆರೆ; ಬುಡದಲ್ಲಿ ಒತ್ತಿ ತುದಿಯಲ್ಲಿ ಎತ್ತಬೇಕು. ಸಮಾನ ಅಂತರದ, ಸಮಾನ ಉದ್ದದ ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಕಾಣುತ್ತವೆ. ಅಚ್ಚ ಬಿಳಿ ಹಣೆ, ಭುಜದ ಮೇಲೆ ನಾಲ್ಕೈದು ಕಡೆ, ತುಸು ದಪ್ಪಗೆ. ಬೆಳಕು ಮುಖಕ್ಕೂ ಪ್ರಾಣಿಗೂ ಬಲಗಡೆಯಿಂದಲೇ. ಎರಡನ್ನೂ ಕಣ್ಣು ಕಿರಿದು ಮಾಡಿ ಒಟ್ಟಿಗೆ ನೋಡುತ್ತಿರಬೇಕು.

ವಾರ 6. ಹಿನ್ನೆಲೆ. ಲಿಯೊನಾರ್ಡೊ ಬಿಡಿಸಿದಾಗ ಈ ಕಪ್ಪು ಇರಲಿಲ್ಲ, ನಂತರ ಯಾರೋ ಬಳಿದದ್ದು. ಆ ಗಡಸು ಹೊರ ಅಂಚನ್ನು ನಕಲು ಮಾಡುವುದೆಂದರೆ ಲಿಯೊನಾರ್ಡೊನನ್ನಲ್ಲ, ಆ ಬಳಿದವರನ್ನು ನಕಲು ಮಾಡಿದಂತೆ. ಕಪ್ಪಿಗೆ ಮೂರನೇ ಒಂದು ಪಾಲು ಬರ್ನ್ಟ್ ಅಂಬರ್ (ಸುಟ್ಟ ಅಂಬರ್) ಬೆರೆಸಿ, ಕೂದಲಿನ ಬದಿಯ ಅಂಚನ್ನು ಹಸಿಯಿರುವಾಗಲೇ ಮೆತ್ತಗೆ ಮಾಡಲಾಗಿದೆ. ಒಣಗಿದ ಮೇಲೆ ಅಲ್ಲಲ್ಲಿ ಮಂಕಾಗಿರುವುದು ಎಣ್ಣೆಯನ್ನು ಕೆಳಪದರ ಹೀರಿದ್ದರಿಂದ. ಅಗಸೆ ಎಣ್ಣೆ ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿದರೆ ಕಪ್ಪು ಮರಳುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ ಮುಚ್ಚಳದ ಡಬ್ಬಿಗೆ ಹಾಕಬೇಕು.

ಬಾಕಿ: ತೋಳಿನ ಕೆಂಪಿನ ಮೇಲೆ ಎರಡು ಗ್ಲೇಜ್ (ಪಾರದರ್ಶಕ ತೆಳು ಪದರ), ಕಪ್ಪು ಮಣಿಸರ, ಎದೆಯ ಮೇಲೆ ಅದರ ನೆರಳು. ವಾರ್ನಿಷ್ ಆರು ತಿಂಗಳ ನಂತರ.